‘ಬೋರ್ಡ್’ ಅಂದ್ರೆ ಹಲಗೆಯಾ, ಊಟಾನಾ, ಸಭೆಯಾ, ಹಡಗಾ?

ರಾತ್ರಿ ಬಸ್ಸು:
ಒಂದು ಪ್ರಶ್ನೆ ಇದೆ, ನಗಬೇಡಿ. ಹೋದ ವಾರ ಮಗಳನ್ನು ಕರೆದುಕೊಂಡು ಮೊದಲ ಸಲ ವಿಮಾನ ಹತ್ತಿದೆ. ಅವಳಿಗೆ ಒಂಬತ್ತು ವರ್ಷ. ಕಣ್ಣಿಗೆ ಬಿದ್ದದ್ದನ್ನೆಲ್ಲ ಜೋರಾಗಿ ಓದುವ ಚಟ. ಕೈಯಲ್ಲಿ ಬೋರ್ಡಿಂಗ್ ಪಾಸ್, ತಲೆ ಮೇಲೆ ‘ಬೋರ್ಡಿಂಗ್ ಗೇಟ್’ ಅನ್ನುವ ಬೋರ್ಡ್. ಇಳಿದ ಊರಲ್ಲಿ ನಾವು ಉಳಿದ ಜಾಗದ ಮೇಲೆ ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಅಂತ ಇನ್ನೊಂದು ಬೋರ್ಡ್. “ಅಪ್ಪಾ, ಇದು ಹತ್ತೋ ಜಾಗಾನಾ, ಇಳ್ಕೊಳ್ಳೋ ಜಾಗಾನಾ?” ಅಂದಳು. ಎರಡೂ ಹೌದು ಮರಿ ಅಂತ ಹೇಳಿ ಸುಮ್ಮನಾದೆ. ಆದರೆ ಆಮೇಲಿಂದ ನನಗೇ ತಲೆ ಕೆಟ್ಟಿದೆ. ಶಾಲೆಯಲ್ಲಿ ಕಪ್ಪು ಬೋರ್ಡ್, ಮನೆಯಲ್ಲಿ ಕೇರಂ ಬೋರ್ಡ್, ಕರೆಂಟ್ ಹೋದರೆ ‘ಬೋರ್ಡಿನವರು ಬಂದಿಲ್ಲ’, ಮಕ್ಕಳಿಗೆ ಬೋರ್ಡ್ ಎಕ್ಸಾಮ್, ಕಂಪನಿಗೆ ಬೋರ್ಡ್ ಮೀಟಿಂಗ್. ಇವೆಲ್ಲ ಒಂದೇ ಪದವಾ? ಹಲಗೆಗೂ ವಿಮಾನಕ್ಕೂ ಏನು ಸಂಬಂಧ?

ಟೀಚರಮ್ಮ:
ನಗೋದ್ಯಾಕೆ, ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದ ನನಗೆ ಒಬ್ಬ ಹುಡುಗನೂ ಈ ಪ್ರಶ್ನೆ ಕೇಳಲಿಲ್ಲ. ಮಗಳನ್ನು ಹೊಗಳಿ.

ಹೆಚ್ಚುಕಮ್ಮಿ ಎಲ್ಲವೂ ಹಲಗೆಯಿಂದಲೇ ಬಂದದ್ದು. ಹಳೆಯ ಇಂಗ್ಲಿಷಿನಲ್ಲಿ ‘ಬೋರ್ಡ್’ ಅಂದರೆ ಸೀಳಿದ ಮರದ ಹಲಗೆ. ಆ ಕಾಲದ ಇಂಗ್ಲೆಂಡಿನ ಮನೆಗಳಲ್ಲಿ ಈಗಿನ ಹಾಗೆ ನಾಲ್ಕು ಕಾಲಿನ ಖಾಯಂ ಮೇಜು ಜಾಸ್ತಿ ಇರಲಿಲ್ಲ. ಊಟದ ಹೊತ್ತಿಗೆ ಎರಡು ಮರದ ಕಾಲಿನ ಆಸರೆ ಇಟ್ಟು ಮೇಲೆ ಉದ್ದದ ಹಲಗೆ ಹಾಸುತ್ತಿದ್ದರು, ಊಟ ಮುಗಿದ ಮೇಲೆ ತೆಗೆದು ಗೋಡೆಗೆ ಒರಗಿಸುತ್ತಿದ್ದರು. ಹಾಗಾಗಿ ಹಲಗೆ ಅಂದರೆ ಮೇಜು. ಮೇಜು ಅಂದರೆ ಅದರ ಮೇಲಿನ ಊಟ. ನಿಮ್ಮ ಲಾಡ್ಜಿನ ‘ಬೋರ್ಡಿಂಗ್’ ಅದೇ, ಊಟ. ‘ಲಾಡ್ಜಿಂಗ್’ ಅಂದರೆ ವಸತಿ. ನಮ್ಮವರು ‘ಊಟ-ವಸತಿ’ ಅಂತ ಬರೆಯುತ್ತಾರಲ್ಲ, ಸರಿಯಾಗಿ ಅದೇ ಕ್ರಮ.

ರಾತ್ರಿ ಬಸ್ಸು:
ಅಯ್ಯೋ, ನಾನು ಇಷ್ಟು ವರ್ಷ ಬೋರ್ಡಿಂಗ್ ಅಂದರೆ ರೂಮು, ಲಾಡ್ಜಿಂಗ್ ಅಂದರೂ ರೂಮು, ಸುಮ್ನೆ ಪ್ರಾಸಕ್ಕೆ ಎರಡು ಸಲ ಬರೆದಿದ್ದಾರೆ ಅಂದುಕೊಂಡಿದ್ದೆ! ಅಂದಹಾಗೆ ಆ ಲಾಡ್ಜಿನಲ್ಲಿ ಊಟ ಇರಲಿಲ್ಲ. ಕೇಳಿದ್ದಕ್ಕೆ ಎದುರಿಗಿನ ಹೋಟೆಲಿಗೆ ಕೈ ತೋರಿಸಿದರು.

ಸಂಶಯ ಜೀವಿ:
ಹಾಗಾದರೆ ಅವರು ಬೋರ್ಡ್ ಹಾಕಿದ್ದಾರೆ, ಬೋರ್ಡ್ ಕೊಟ್ಟಿಲ್ಲ. ಗ್ರಾಹಕರ ಆಯೋಗಕ್ಕೆ ಹೋಗಬಹುದು ನೀವು.

ಟೀಚರಮ್ಮ:
ಬೋರ್ಡಿಂಗ್ ಸ್ಕೂಲೂ ಅಷ್ಟೇ, ಊಟ ಹಾಕುವ ಶಾಲೆ. ನಮ್ಮ ಕರಾವಳಿಯಲ್ಲಿ ಮಿಷನ್ ಶಾಲೆಗಳ ಹಾಸ್ಟೆಲಿಗೆ ‘ಬೋರ್ಡಿಂಗ್’ ಅಂತಲೇ ಹೆಸರಿತ್ತು. ‘ಅವ ಬೋರ್ಡಿಂಗಲ್ಲಿ ಇದ್ದು ಕಲಿತದ್ದು’ ಅಂತ ಹಳಬರು ಈಗಲೂ ಹೇಳುತ್ತಾರೆ. ಈಗ ಪ್ರವಾಸಕ್ಕೆ ರೂಮು ಬುಕ್ ಮಾಡುವಾಗ ‘ಫುಲ್ ಬೋರ್ಡ್’, ‘ಹಾಫ್ ಬೋರ್ಡ್’ ಅಂತ ಬರುತ್ತದೆ ನೋಡಿ, ಮೊದಲನೆಯದು ಮೂರು ಹೊತ್ತಿನ ಊಟ, ಎರಡನೆಯದು ಬೆಳಗಿನ ತಿಂಡಿ ಮತ್ತು ಒಂದು ಊಟ. ಹಲಗೆಯನ್ನು ಅರ್ಧಕ್ಕೆ ಕೊಯ್ದಿದ್ದಾರೆ ಅಂತಲ್ಲ!

ಅದೇ ಮೇಜಿನ ಸುತ್ತ ಊಟದ ಬದಲು ಲೆಕ್ಕಪತ್ರ ಇಟ್ಟುಕೊಂಡು ಕೂತರೆ ಅದು ಆಡಳಿತದ ಬೋರ್ಡ್. ಮೊದಲು ಮೇಜಿಗೆ ಹೆಸರು, ಆಮೇಲೆ ಮೇಜಿನ ಸುತ್ತ ಕೂತವರಿಗೆ ಹೆಸರು. ಬ್ರಿಟಿಷ್ ಸರ್ಕಾರ 1784ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮೇಲೆ ಕಣ್ಣಿಡಲು ‘ಬೋರ್ಡ್ ಆಫ್ ಕಂಟ್ರೋಲ್’ ಮಾಡಿತು. 1786ರಲ್ಲಿ ಮದ್ರಾಸಿನಲ್ಲಿ ಕಂದಾಯಕ್ಕೆ ‘ಬೋರ್ಡ್ ಆಫ್ ರೆವೆನ್ಯೂ’ ಬಂತು. ಆಮೇಲೆ ದಕ್ಷಿಣ ಕನ್ನಡ, ಬಳ್ಳಾರಿ ಎಲ್ಲ ಮದ್ರಾಸಿನ ಕೈಗೆ ಹೋದಾಗ ನಮ್ಮ ಅಜ್ಜಂದಿರ ತೀರ್ವೆ ಲೆಕ್ಕವೂ ಆ ಮೇಜಿಗೇ ಹೋಗುತ್ತಿತ್ತು.

ನಾನು ಓದಿದ್ದು ಜಿಲ್ಲಾ ಬೋರ್ಡಿನವರು ಕಟ್ಟಿದ ‘ಬೋರ್ಡ್ ಹೈಸ್ಕೂಲ್’ನಲ್ಲಿ. ಚಿಕ್ಕಂದಿನಲ್ಲಿ, ಗೇಟಿಗೆ ದೊಡ್ಡ ಬೋರ್ಡ್ ಇದೆ, ಅದಕ್ಕೇ ಆ ಹೆಸರು ಅಂದುಕೊಂಡಿದ್ದೆ.

ಕೀಬೋರ್ಡ್ ಕುಟ್ಟುವವ:
ಮೇಡಂ, ಸೂಪರ್. ನನ್ನ ಹೊಟ್ಟೆಪಾಡೇ ಈ ಪದದ ಮೇಲಿದೆ. ಕೀಬೋರ್ಡ್, ಮದರ್‌ಬೋರ್ಡ್, ಡ್ಯಾಶ್‌ಬೋರ್ಡ್. ದಿನಾ ಬೆಳಗ್ಗೆ ಮ್ಯಾನೇಜರಿಗೆ ಡ್ಯಾಶ್‌ಬೋರ್ಡ್, ಅಂದರೆ ಕೆಲಸದ ಲೆಕ್ಕವೆಲ್ಲ ಒಂದೇ ಕಡೆ ಕಾಣುವ ಕಂಪ್ಯೂಟರ್ ಪರದೆ, ತೋರಿಸುವುದು ನನ್ನ ಕೆಲಸ. ಇದರಲ್ಲಿ ‘ಡ್ಯಾಶ್’ ಅಂದರೆ ಏನು?

ಟೀಚರಮ್ಮ:
ಕೆಸರು! ನಿಜವಾಗಿ. ಕುದುರೆ ಗಾಡಿಯ ಮುಂದೆ, ಸಾರಥಿಯ ಕಾಲಿನ ಹತ್ತಿರ ಒಂದು ಅಡ್ಡ ಹಲಗೆ ಇರುತ್ತಿತ್ತು. ಕುದುರೆಯ ಗೊರಸಿನಿಂದ ಎರಚುವ ಕೆಸರು, ಕಲ್ಲು ಗಾಡಿಯಲ್ಲಿದ್ದವರ ಮೈಗೆ ಬೀಳದಿರಲಿ ಅಂತ. ಡ್ಯಾಶ್ ಅಂದರೆ ಇಲ್ಲಿ ರಪ್ ಅಂತ ಬಡಿಯುವುದು, ಎರಚುವುದು. ಕಾರು ಬಂದಾಗ ಕುದುರೆ ಹೋಯಿತು, ಹಲಗೆಯ ಜಾಗ ಉಳಿಯಿತು, ಅಲ್ಲಿ ಮೀಟರುಗಳು ಬಂದವು. ಈಗ ನಿಮ್ಮ ಪರದೆಯ ಮೇಲೆ ಕುದುರೆಯೂ ಇಲ್ಲ, ಕಾರೂ ಇಲ್ಲ, ಹಲಗೆಯೂ ಇಲ್ಲ.

ಕೀಬೋರ್ಡ್ ಕುಟ್ಟುವವ:
ಕೆಸರು ಮಾತ್ರ ಇದೆ ಮೇಡಂ. ಅದು ನಮ್ಮ ಮೈಗೇ ಬೀಳುತ್ತದೆ.

ಕಡಲ ಕೆಲಸ:
ಹಡಗಿನ ಮಾತು ಬಂದೇ ಇಲ್ಲವಲ್ಲ. ನಾನು ಕಾರವಾರದವನು, ಹದಿನಾಲ್ಕು ವರ್ಷದಿಂದ ಸರಕು ಹಡಗಿನಲ್ಲಿದ್ದೇನೆ. ಬೋರ್ಡಿಂಗ್ ಪಾಸಿನ ಬೋರ್ಡು ಊಟದ ಮೇಜಿನದಲ್ಲ, ಅದು ನಮ್ಮದು.

ಹಳೆಯ ಇಂಗ್ಲಿಷಿನಲ್ಲಿ ಒಂದೇ ಥರ ಕೇಳುವ ಎರಡು ‘ಬೋರ್ಡ್’ ಇದ್ದವು. ಒಂದು ಮೇಡಂ ಹೇಳಿದ ಹಲಗೆ. ಇನ್ನೊಂದಕ್ಕೆ ಅಂಚು, ಬದಿ, ಅದರಲ್ಲೂ ಹಡಗಿನ ಪಕ್ಕೆ ಅನ್ನುವ ಅರ್ಥ. ಎರಡೂ ಮೂಲದಲ್ಲಿ ನಂಟರೇ ಅನ್ನುವವರು ಇದ್ದಾರೆ, ಅಲ್ಲ ಅನ್ನುವವರೂ ಇದ್ದಾರೆ. ಹಡಗಿನ ಪಕ್ಕೆಯೂ ಹಲಗೆಯದ್ದೇ ತಾನೆ, ಹಾಗಾಗಿ ಕಾಲ ಹೋದಂತೆ ಜನರ ಬಾಯಲ್ಲಿ ಎರಡೂ ಕಲಸಿಹೋದವು. ಬೇರೆ ಹಡಗಿನ ಪಕ್ಕೆಗೆ ತಂದು ತಾಗಿಸಿ ಹಾರಿ ಒಳಗೆ ಹೋಗುವುದು, ಹೆಚ್ಚಿನ ಸಲ ಕತ್ತಿ ಹಿಡಿದುಕೊಂಡು, ಅದು ‘ಬೋರ್ಡ್’ ಮಾಡುವುದು. ಆಮೇಲೆ ಕತ್ತಿ ಇಲ್ಲದೆ ಹತ್ತಿದರೂ ಅದೇ ಮಾತು. ಹಡಗಿನಿಂದ ರೈಲಿಗೆ, ಬಸ್ಸಿಗೆ, ವಿಮಾನಕ್ಕೆ.

ರಾತ್ರಿ ಬಸ್ಸು:
ಮೆಜೆಸ್ಟಿಕ್‌ನಲ್ಲಿ ಸಂಜೆ ಆರಕ್ಕೆ ಬಸ್ ಹತ್ತಿ ನೋಡಿ, ಈಗಲೂ ಹಳೆಯ ಅರ್ಥವೇ.

ಕಡಲ ಕೆಲಸ:
ಹ್ಹಹ್ಹ, ಒಪ್ಪಿದೆ. ಇನ್ನೊಂದು ಹೇಳುತ್ತೇನೆ, ನನಗೆ ಇದು ಬಹಳ ಇಷ್ಟ. ಹಡಗಿನ ಮುಂದಕ್ಕೆ ಮುಖ ಮಾಡಿ ನಿಂತರೆ ಬಲಗಡೆಗೆ ‘ಸ್ಟಾರ್‌ಬೋರ್ಡ್’ ಅನ್ನುತ್ತೇವೆ. ಟ್ರೈನಿಂಗಿಗೆ ಸೇರಿದ ಹೊಸದರಲ್ಲಿ ನಾನು ನಕ್ಷತ್ರ ನೋಡುವ ಬದಿ ಅಂದುಕೊಂಡಿದ್ದೆ. ನಕ್ಷತ್ರಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ‘ಸ್ಟಾರ್’ ಅಲ್ಲ, ‘ಸ್ಟಿಯರ್’. ಚುಕ್ಕಾಣಿ ಇರುವ ಬದಿ. ಆಗಿನ ಹಡಗುಗಳಿಗೆ ಚುಕ್ಕಾಣಿ ಹಿಂದೆ ನಡುವಲ್ಲಿ ಇರಲಿಲ್ಲ, ಹಿಂಭಾಗದ ಬಲಪಕ್ಕಕ್ಕೆ ಕಟ್ಟಿದ ದೊಡ್ಡ ಹುಟ್ಟೇ ಚುಕ್ಕಾಣಿ. ಬಲಗೈಯವರೇ ಜಾಸ್ತಿ ಅಲ್ವಾ. ನಾರ್ವೆಯಲ್ಲಿ 1904ರಲ್ಲಿ ಮಣ್ಣಿನ ದಿಬ್ಬದಿಂದ ಅಗೆದು ತೆಗೆದ ಓಸೆಬರ್ಗ್ ಹಡಗು ಸುಮಾರು ಕ್ರಿ.ಶ. 820ರಷ್ಟು ಹಳೆಯದು, ಅದರಲ್ಲೂ ಹುಟ್ಟು ಬಲಗಡೆಗೇ ಇದೆ.

ಈಗ ಯೋಚಿಸಿ. ಬಲಗಡೆ ಅಷ್ಟು ದೊಡ್ಡ ಹುಟ್ಟು ಇದ್ದರೆ ಆ ಬದಿಯನ್ನು ಧಕ್ಕೆಗೆ, ಅಂದರೆ ಹಡಗು ನಿಲ್ಲಿಸುವ ಕಟ್ಟೆಗೆ, ತಾಗಿಸಲು ಆಗುತ್ತದಾ? ಮುರಿದೇ ಹೋಗುತ್ತದೆ. ಹಾಗಾಗಿ ಎಡಗಡೆಯನ್ನು ಧಕ್ಕೆಗೆ ಕೊಡುತ್ತಿದ್ದರು, ಸರಕು ಹೇರುವುದೂ ಅಲ್ಲಿಂದಲೇ. ಆ ಬದಿಗೆ ‘ಲಾರ್‌ಬೋರ್ಡ್’ ಅಂತ ಹೆಸರಿತ್ತು. ಆದರೆ ಬಿರುಗಾಳಿಯಲ್ಲಿ ಯಾರೋ ‘ಲಾರ್‌ಬೋರ್ಡ್’ ಅಂತ ಕೂಗಿದರೆ ಇನ್ನೊಬ್ಬನಿಗೆ ‘ಸ್ಟಾರ್‌ಬೋರ್ಡ್’ ಅಂತ ಕೇಳಿದರೆ ಏನು ಗತಿ? 1844ರಲ್ಲಿ ಬ್ರಿಟಿಷ್ ನೌಕಾಪಡೆ ಆ ಪದವನ್ನೇ ಬಿಡಿಸಿ ‘ಪೋರ್ಟ್’ ಅನ್ನಿ ಅಂತ ಆಜ್ಞೆ ಹೊರಡಿಸಿತು.

ಮಗಳಿಗೆ ಹೇಳಿ: ಮುಂದಿನ ಸಲ ರಾತ್ರಿ ವಿಮಾನದಲ್ಲಿ ಕಿಟಕಿ ಸೀಟು ಸಿಕ್ಕರೆ ರೆಕ್ಕೆಯ ತುದಿ ನೋಡಲಿ. ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು. ಹಡಗಿನದ್ದೇ ನಿಯಮ.

ತೋಟದ ಮನೆ:
ಅಂಚು ಅನ್ನುವ ಅರ್ಥ ಇತ್ತು ಅಂದ್ರಲ್ಲ, ಹಾಗಾದರೆ ಬಾರ್ಡರ್ ಕೂಡ ಅದೇನಾ? ದೇಶದ ಗಡಿ?

ಟೀಚರಮ್ಮ:
ಅದೇ. ಆ ಹಳೆಯ ‘ಅಂಚು’ ಪದದ ನಂಟನೊಂದನ್ನು ಫ್ರೆಂಚರು ತೆಗೆದುಕೊಂಡರು, ಅವರ ‘ಬೋರ್’ನಿಂದ ‘ಬೋರ್ಡ್ಯೂರ್’ ಆಯಿತು, ಅದು ಇಂಗ್ಲಿಷಿಗೆ ಬಂದು ಬಾರ್ಡರ್ ಆಯಿತು. ಗಡಿ ಮಾತ್ರ ಅಲ್ಲ, ನಮ್ಮ ಸೀರೆಯ ಬಾರ್ಡರೂ ಅದೇ. ‘ದೊಡ್ಡ ಬಾರ್ಡರ್ ಇರೋ ಇಳಕಲ್ ಸೀರೆ ತೋರಿಸಿ’ ಅಂತ ಅಂಗಡಿಯಲ್ಲಿ ಕೇಳುವವರಿಗೆ ತಾವು ಹಡಗಿನ ಪಕ್ಕೆಯ ನಂಟರನ್ನು ಕೇಳುತ್ತಿದ್ದೇವೆ ಅಂತ ಗೊತ್ತಿರುವುದಿಲ್ಲ. ನಮಗೆ ಅಂಚು ಅನ್ನುವ ಚಂದದ ಮಾತಿದೆ, ಆದರೂ ಬಾರ್ಡರ್.

ತೋಟದ ಮನೆ:
ಹಾಗಾದರೆ ನಮ್ಮ ಅಡಿಕೆಗೆ ರೋಗ ಬರದಂತೆ ಹೊಡೆಯುವ ಬೋರ್ಡೋ ದ್ರಾವಣವೂ ಇದೇ ಕುಲದ್ದಿರಬೇಕು. ಫ್ರಾನ್ಸಿನ ಬೋರ್ಡೋ ಊರು ನದಿ ಅಂಚಿನಲ್ಲಿದೆ, ‘ನೀರಿನ ಅಂಚು’ ಅಂತ ಅದರ ಅರ್ಥ ಎಂದು ಎಲ್ಲೋ ಓದಿದ ನೆನಪು.

ಟೀಚರಮ್ಮ:
ಕೇಳಲು ಎಷ್ಟು ಚೆನ್ನಾಗಿದೆ, ಆದರೆ ಅಲ್ಲ. ಆ ಊರಿಗೆ ರೋಮನ್ನರ ಕಾಲದಲ್ಲೇ ‘ಬುರ್ದಿಗಾಲ’ ಅಂತ ಹೆಸರಿತ್ತು. ಅದೇ ಸವೆದು ಬೋರ್ಡೋ ಆದದ್ದು. ಹಲಗೆಗೂ ಅಂಚಿಗೂ ಸಂಬಂಧ ಇಲ್ಲ. ಇಂಥ ಕಥೆಗಳ ಬಗ್ಗೆ ಹುಷಾರಾಗಿರಬೇಕು, ಜಾಸ್ತಿ ಚೆಂದ ಇದ್ದಷ್ಟೂ ಅನುಮಾನ ಪಡಬೇಕು.

ತೋಟದ ಮನೆ:
ಸರಿ ಸೋತೆ. ಆದರೆ ಬೋರ್ಡೋ ವಿಷಯ ತೆಗೆದ ಮೇಲೆ ಒಂದು ಮಾತು ಹೇಳಿಯೇ ಬಿಡುತ್ತೇನೆ, ವಿಷಯಾಂತರಕ್ಕೆ ಕ್ಷಮಿಸಿ. ಆ ಊರಿನ ಕಡೆ ದಾರಿ ಬದಿಯ ದ್ರಾಕ್ಷಿ ಕದಿಯದಿರಲಿ ಅಂತ ಬಳ್ಳಿಗೆ ಮೈಲುತುತ್ತ, ಸುಣ್ಣ ಬಳಿದು ವಿಷದ ಹಾಗೆ ಕಾಣಿಸುತ್ತಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ರೋಗ ಬಂದಿಲ್ಲ ಅನ್ನುವುದನ್ನು ಮಿಲಾರ್ಡೆ ಅನ್ನುವ ಸಸ್ಯವಿಜ್ಞಾನಿ ನೋಡಿದರು, 1885ರಲ್ಲಿ ಬರೆದು ಪ್ರಕಟಿಸಿದರು. ಮುಂದೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅದನ್ನು ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ತಂದರು. ನಾವು ಈಗಲೂ ನೂರು ಲೀಟರ್ ನೀರಿಗೆ ಒಂದು ಕೆಜಿ ತುತ್ತ, ಒಂದು ಕೆಜಿ ಸುಣ್ಣ ಹಾಕಿ ಕಲಸುತ್ತೇವೆ. ಕಳ್ಳರನ್ನು ಓಡಿಸುವ ಉಪಾಯ ನಮ್ಮ ತೋಟ ಉಳಿಸಿತು. ಇಷ್ಟೇ. ಹಲಗೆಗೆ ವಾಪಸ್ ಹೋಗಿ.

ಸಂಶಯ ಜೀವಿ:
ಫ್ರಾನ್ಸ್ ಬಂದಿದ್ದಕ್ಕೆ: ‘ಬೋರ್ಡೆಲ್ಲೋ’ ಅನ್ನುವ ಪದ ಮಾತ್ರ ನಿಜಕ್ಕೂ ಹಲಗೆಯ ಕುಲದ್ದು. ಹಲಗೆಯ ಗುಡಿಸಲು ಅನ್ನುವ ಅರ್ಥದಿಂದ ಬಂದದ್ದು. ಈಗ ಅದರ ಅರ್ಥ ಏನು ಅಂತ…

ಟೀಚರಮ್ಮ:
ಒಂಬತ್ತು ವರ್ಷದ ಮಗುವಿನ ಪ್ರಶ್ನೆಯಿಂದ ಶುರುವಾದ ಮಾತು ಇದು. ಅಲ್ಲಿಗೇ ನಿಲ್ಲಿಸಿ.

ಸಂಶಯ ಜೀವಿ:
ನಿಲ್ಲಿಸಿದೆ ಮೇಡಂ. ಎಲ್ಲ ‘ಅಬೋವ್ ಬೋರ್ಡ್’ ಇರಲಿ. ಅದಾದರೂ ಹೇಳಬಹುದಲ್ವಾ? ಇಸ್ಪೀಟು ಆಡುವಾಗ ಎರಡೂ ಕೈ ಮೇಜಿನ ಮೇಲೆ ಕಾಣುವಂತೆ ಇಟ್ಟರೆ ಮೋಸ ಇಲ್ಲ. ಕೈ ಕೆಳಗೆ ಹೋದರೆ ಎಲೆ ಬದಲಾಗುತ್ತದೆ. ನಮ್ಮ ಕಚೇರಿಗಳಲ್ಲಿ ಮೇಜಿನ ಮೇಲೆ ಅರ್ಜಿ, ಕೆಳಗೆ ಗಿಂಬಳ.

ಹುಬ್ಬಳ್ಳಿ ಮಂದಿ:
ನಮ್ಮ ಕಡೆ ಹಲಗಿ ಅಂದರೆ ಮೊದಲು ನೆನಪಾಗುವುದು ಹೋಳಿ ಹುಣ್ಣಿಮೆ. ಬಾಗಲಕೋಟೆಯ ಹಲಗಿ ವಾದ್ಯದ ಸದ್ದು ಕೇಳಿದವರಿಗೆ ಗೊತ್ತು. ಬೋರ್ಡ್ ಬೋರ್ಡ್ ಅಂತ ಅವರದ್ದೇ ಕಥೆ ಹೇಳುತ್ತಿದ್ದೀರಿ, ನಮ್ಮ ಹಲಗೆ ಏನು ಕಡಿಮೆಯಾ?

ಹಳಗನ್ನಡದಲ್ಲಿ ಅದು ‘ಪಲಗೆ’. ಸಂಸ್ಕೃತದ ಫಲಕದಿಂದ ಬಂದ ತದ್ಭವ ಅನ್ನುತ್ತಾರೆ. ಪಕಾರ ಹಕಾರ ಆಗಿ ಹಲಗೆ. ಅಂದರೆ ಸರ್ಕಾರ ‘ನಾಮಫಲಕ’ ಅಂದರೂ ಹಲಗೆಯೇ, ಶಾಲೆಯ ಕರಿಹಲಗೆಯೂ ಹಲಗೆಯೇ. ಒಂದಕ್ಕೆ ಇಸ್ತ್ರಿ ಆಗಿದೆ, ಇನ್ನೊಂದಕ್ಕೆ ಆಗಿಲ್ಲ. ಕುಮಾರವ್ಯಾಸ ತಾನು ಹಲಗೆ ಬಳಪ ಹಿಡಿಯದೆ ಬರೆದೆ ಅಂತ ಹೆಮ್ಮೆಪಟ್ಟನಲ್ಲ, ಅಂದರೆ ಆಗಲೇ ಬರೆಯಲಿಕ್ಕೆ ಹಲಗೆ ಇತ್ತು. ಇನ್ನೊಂದು ಕೇಳಿ, ಹಳೆಯ ಕನ್ನಡದಲ್ಲಿ ಹಲಗೆ ಅಂದರೆ ಗುರಾಣಿ ಕೂಡ.

ಟೀಚರಮ್ಮ:
ರೋಮಾಂಚನ ಆಯಿತು. ಯಾಕೆ ಗೊತ್ತಾ? ಹಳೆಯ ಇಂಗ್ಲಿಷಿನ ‘ಬೋರ್ಡ್’ಗೂ ಗುರಾಣಿ ಅನ್ನುವ ಅರ್ಥ ಇತ್ತು! ಯುದ್ಧದ ಹಾಡುಗಳಲ್ಲಿ ಬರುತ್ತದೆ. ಒಬ್ಬರಿಂದ ಒಬ್ಬರು ಕಲಿತದ್ದಲ್ಲ. ಎರಡೂ ಕಡೆ ಮರದ ಹಲಗೆಯನ್ನೇ ಎದೆಗೆ ಅಡ್ಡ ಹಿಡಿದರು, ಅಷ್ಟೇ.

ಬಡಗಿ ಮಗ:
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನಮ್ಮಪ್ಪ ಬಡಗಿ. ನನಗೆ ಅನಿಸೋದು ಏನಂದ್ರೆ, ಬೋರ್ಡಿಗೆ ಜೋಡಿ ಹಲಗೆ ಅಲ್ಲ. ಮಣೆ.

ಯೋಚನೆ ಮಾಡಿ. ಇಂಗ್ಲಿಷಿನವರು ಹಲಗೆಯನ್ನು ಎತ್ತರಕ್ಕಿಟ್ಟು ಅದರ ಮೇಲೆ ತಟ್ಟೆ ಇಟ್ಟರು. ನಾವು ನೆಲದಲ್ಲಿ ಕೂತವರು, ಹಲಗೆಯನ್ನು ಕೆಳಗೆ ಹಾಕಿ ಅದರ ಮೇಲೆ ನಾವೇ ಕೂತೆವು. ಎಲೆ ನೆಲಕ್ಕೆ, ಮಣೆ ನಮಗೆ. ಆಮೇಲೆ ಅವರ ಬೋರ್ಡಿಗೆ ಏನೇನಾಯಿತೋ ನಮ್ಮ ಮಣೆಗೂ ಅದೇ ಆಯಿತು. ಕೂರುವ ಮಣೆ, ಚಪಾತಿ ಮಣೆ, ಈಳಿಗೆಮಣೆ, ತುರಿಯುವ ಮಣೆ. ಆಟಕ್ಕೆ ಅವರಿಗೆ ಚೆಸ್ ಬೋರ್ಡ್, ನಮಗೆ ಅಳಗುಳಿಮಣೆ, ಕರಾವಳಿಯವರಿಗೆ ಚೆನ್ನೆಮಣೆ. ಮನೆಗೆ ಬಂದವರಿಗೆ ಮೊದಲು ಕೂರಲು ಮಣೆ ಹಾಕುತ್ತಿದ್ದರು. ಅದಕ್ಕೇ ಈಗ ಯಾರಿಗಾದರೂ ಜಾಸ್ತಿ ಬೆಲೆ ಕೊಟ್ಟರೆ ‘ಮಣೆ ಹಾಕಿದರು’. ‘ಪಕ್ಷ ಹೊಸಬರಿಗೆ ಮಣೆ ಹಾಕಿದೆ’ ಅಂತ ಪತ್ರಿಕೆಯಲ್ಲಿ ದಿನಾ ಓದುತ್ತೇವೆ, ಅಲ್ಲಿ ಮರ ಎಲ್ಲಿದೆ? ಇನ್ನು ಮದುವೆ ಆಗುವುದು ಅಂದರೆ ‘ಹಸೆಮಣೆ ಏರುವುದು’. ಅದು ನಮ್ಮ ಬೋರ್ಡಿಂಗ್.

ಕೀಬೋರ್ಡ್ ಕುಟ್ಟುವವ:
ಪಾಸ್ ಮಾತ್ರ ಎರಡೂ ಮನೆಯವರು ಕೊಡಬೇಕು.

ರಾತ್ರಿ ಬಸ್ಸು:
ಬಡಗಿ ಮಗ ಅವರೇ, ಕೈ ಮುಗಿದೆ. ಹಾಗಾದರೆ ವಿದ್ಯುತ್ ಬೋರ್ಡಿಗೆ ‘ವಿದ್ಯುತ್ ಮಣೆ’ ಅನ್ನಬೇಕಿತ್ತು. ಮಂಡಳಿ ಅಂದಿದ್ದು ಯಾಕೆ?

ಹುಬ್ಬಳ್ಳಿ ಮಂದಿ:
ಮಂಡಲ ಅಂದರೆ ಸುತ್ತು, ವೃತ್ತ. ಸುತ್ತ ಕೂತವರು ಮಂಡಳಿ. ಮೇಜು ಬೇಕಿಲ್ಲ. ಭಜನಾ ಮಂಡಳಿ, ಯಕ್ಷಗಾನ ಮಂಡಳಿ, ಜಲಮಂಡಳಿ ಎಲ್ಲಕ್ಕೂ ಒಂದೇ ಪದ. ಬೆಂಗಳೂರಿನ ಜಲಮಂಡಳಿ 1964ರಿಂದ ಇದೆ, ತಾಳ ಮಾತ್ರ ಇನ್ನೂ ಕೂಡಿಬಂದಿಲ್ಲ. ‘ನಿಗಮ ಮಂಡಳಿ’ ಅಂದರೆ ಏನು ಅಂತ ಶಾಸಕರನ್ನು ಕೇಳಿ, ಅವರಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು.

ಸಂಶಯ ಜೀವಿ:
ಮಂಡಳಿ ಹೋದರೂ ಹೆಸರು ಹೋಗುವುದಿಲ್ಲ ನೋಡಿ. ಕೆಇಬಿ ಅನ್ನುವ ಬೋರ್ಡ್ 1999ರಲ್ಲೇ ಕೆಪಿಟಿಸಿಎಲ್ ಆಯಿತು, ಆಮೇಲೆ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಅಂತ ಒಡೆಯಿತು. ಆದರೂ ನಮ್ಮ ಬೀದಿಯಲ್ಲಿ ಕಂಬ ಹತ್ತುವವರು ‘ಕೆಇಬಿಯವರು’. ಹತ್ತನೇ ಕ್ಲಾಸಿನ ಬೋರ್ಡಿಗೂ ಹೊಸ ಹೆಸರು ಬಂದಿದೆ, ಹುಡುಗರಿಗೆ ಅದು ಬರೀ ‘ಬೋರ್ಡ್’.

ನನ್ನ ತಕರಾರು ಇದು: ಇಷ್ಟೆಲ್ಲ ಇಂಗ್ಲಿಷಿನವರು ಮಾಡಿದ ಅರ್ಥಗಳು. ಬೋರ್ಡ್ ನಮ್ಮ ಬಾಯಿಗೆ ಬಂದ ಮೇಲೆ ನಾವು ಏನೂ ಮಾಡಲಿಲ್ಲವಾ?

ರಾತ್ರಿ ಬಸ್ಸು:
ಮಾಡಿದ್ದೇವೆ. ಟ್ಯಾಕ್ಸಿಗೆ ‘ಯೆಲ್ಲೋ ಬೋರ್ಡ್’, ಸ್ವಂತ ಗಾಡಿಗೆ ‘ವೈಟ್ ಬೋರ್ಡ್’. ಇಂಗ್ಲೆಂಡಿನವರಿಗೆ ಹೇಳಿದರೆ ತಲೆ ಬುಡ ಅರ್ಥ ಆಗುವುದಿಲ್ಲ, ಅವರಿಗೆ ಅದು ನಂಬರ್ ಪ್ಲೇಟ್, ವೈಟ್ ಬೋರ್ಡ್ ಅಂದರೆ ಆಫೀಸಿನ ಗೋಡೆಯ ಮೇಲೆ ಬರೆಯುವಂಥದ್ದು. ನಾನು ಏಳು ವರ್ಷ ಯೆಲ್ಲೋ ಬೋರ್ಡ್ ಓಡಿಸಿದವನು. ಬಸ್ಸಿಗೂ ಅಷ್ಟೇ, ‘ಬೋರ್ಡ್ ನೋಡ್ಕೊಂಡು ಹತ್ತಿ’ ಅಂದರೆ ಹೋಗುವ ಊರು ನೋಡಿ ಅಂತ. ಈಗ ಅಲ್ಲಿ ಹಲಗೆ ಇಲ್ಲ, ದೀಪದ ಅಕ್ಷರ ಓಡುತ್ತದೆ. 2024ರಲ್ಲಿ ಶೇ. 60 ಕನ್ನಡ ಕಡ್ಡಾಯ ಅಂತ ಕಾನೂನು ಬಂತಲ್ಲ, ಅದರಲ್ಲಿ ಬರೆದದ್ದು ನಾಮಫಲಕ, ಆದರೆ ಬೀದಿಯಲ್ಲಿ ಕೂಗಿದ್ದೆಲ್ಲ ‘ಕನ್ನಡ ಬೋರ್ಡ್ ಹಾಕಿ’.

ಟೀಚರಮ್ಮ:
ಕಬೋರ್ಡ್ ಬಿಟ್ಟೆ ನೋಡಿ. ಕಪ್ಪು-ಬಟ್ಟಲು ಜೋಡಿಸಿಡುವ ತೆರೆದ ಹಲಗೆ ಅದು ಮೊದಲು. ಬಾಗಿಲು ಬಂದದ್ದು ಆಮೇಲೆ. ಈಗ ಸೀರೆ ಇಡುತ್ತೇವೆ. ಇಂಗ್ಲಿಷಿನವರು ‘ಕಬರ್ಡ್’ ಅಂತ ನುಂಗಿ ಹೇಳುತ್ತಾರೆ. ನಾವು ‘ಬೋರ್ಡ್’ ಅಂತ ಬಿಡಿಸಿ ಹೇಳಿ ಅದರ ಮೂಲ ಉಳಿಸಿದ್ದೇವೆ. ಮಕ್ಕಳ ಉಚ್ಚಾರ ಎಷ್ಟು ಸಲ ತಿದ್ದಿದ್ದೆನೋ, ಈಗ ಪಾಪ ಅನಿಸುತ್ತಿದೆ. ಇನ್ನು ‘ಬೀರು’ ಕಥೆ ಬೇರೆ. ಅದು ಫ್ರೆಂಚಿನ ‘ಬ್ಯೂರೋ’. ಮೇಜಿಗೆ ಹಾಸುವ ಒರಟು ಬಟ್ಟೆಯ ಹೆಸರು ಮೇಜಿಗಾಯಿತು, ಮೇಜಿನದು ಕಚೇರಿಗಾಯಿತು, ನಮ್ಮಲ್ಲಿ ಬಟ್ಟೆ ಇಡುವ ಕಪಾಟಾಯಿತು. ಬಟ್ಟೆ ಒಂದು ಸುತ್ತು ಹೊಡೆದು ಮತ್ತೆ ಬಟ್ಟೆಗೇ ಬಂತು.

ಬಡಗಿ ಮಗ:
ಮೇಡಂ, ನಿಮ್ಮ ಕಬೋರ್ಡಿನಲ್ಲಿ ಈಗ ಹಲಗೆಯೂ ಇಲ್ಲ ಅಂತ ಹೇಳಲಾ? ಮರದ ಪುಡಿಯನ್ನು ಅಂಟು ಹಾಕಿ ಒತ್ತಿದ್ದು. ಅದಕ್ಕೂ ಹೆಸರು ಪಾರ್ಟಿಕಲ್ ಬೋರ್ಡ್. ನೀರು ತಾಗಿದರೆ ಉಬ್ಬುತ್ತದೆ. ಅಪ್ಪ ಅದನ್ನು ಬೋರ್ಡ್ ಅನ್ನಲು ಒಪ್ಪುವುದಿಲ್ಲ, ‘ರಟ್ಟು’ ಅನ್ನುತ್ತಾರೆ.

ರಾತ್ರಿ ಬಸ್ಸು:
ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ಊಟದ ಹೊತ್ತಿಗೆ ಮಗಳಿಗೆ ಹಡಗಿನ ಕಥೆ, ಕೆಸರಿನ ಕಥೆ ಹೇಳಿದೆ. ಹುಟ್ಟು ಬಲಗಡೆ ಯಾಕೆ ಅಂತ ಹೇಳಿದ ಕೂಡಲೇ, “ಎಡಗೈಯವರು ಏನು ಮಾಡ್ತಿದ್ರು?” ಅಂದಳು. ಅವಳು ಎಡಚಿ. ಕಡಲ ಕೆಲಸ ಅವರೇ, ಇದಕ್ಕೆ ನೀವೇ ಉತ್ತರ ಕೊಡಬೇಕು.

ಕಡಲ ಕೆಲಸ:
ನಾನೂ ಎಡಚನೇ. ಹಗ್ಗ ಸುತ್ತುವಾಗ ಮೊದಲ ಆರು ತಿಂಗಳು ಬೈಸಿಕೊಂಡೆ ಅಂತ ಹೇಳಿ ಅವಳಿಗೆ. ಉಳಿದದ್ದು ನಾಳೆ ಬರೆಯುತ್ತೇನೆ, ಈಗ ಡ್ಯೂಟಿ ಇದೆ.